ಪಕ್ಕದ ಹೊಲದ ಸೌತೆಯಿಂದ ನನ್ನ ಪಪ್ಪಾಯಿಗೆ ನಂಜು ಬಂತಾ?

ಕೆರೆಏರಿ: ನಮ್ಮ ಪಪ್ಪಾಯಿ ತೋಟದಲ್ಲಿ ಹನ್ನೊಂದು ಗಿಡಕ್ಕೆ ಉಂಗುರ ಚುಕ್ಕೆ ರೋಗ ಬಂದಿದೆ. ತುದಿ ಎಲೆಗಳು ದಾರದ ಹಾಗೆ ಸಪೂರ ಆಗಿವೆ, ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಕಡುಹಸಿರು ಗೀರು. ಬೇಲಿ ಆಚೆ ಅಣ್ಣನವರ ಸೌತೆಯಲ್ಲೂ ಎಲೆ ಮಚ್ಚೆ. ಎಲೈಸಾ ಅನ್ನೋ ಲ್ಯಾಬ್ ಪರೀಕ್ಷೆ ಮಾಡಿಸಿದೆ, ಎರಡರಲ್ಲೂ ಪಪ್ಪಾಯಿ ರಿಂಗ್‌ಸ್ಪಾಟ್ ವೈರಸ್ಸೇ. ಸೌತೆ ಕಿತ್ತುಹಾಕಿ ಅಂತ ಅವರಿಗೆ ಹೇಳೋದಾ?

ಎಲೆಮರೆ: ಈಗಲೇ ಹೇಳಬೇಡಿ ಸರ್. ಈ ವೈರಸ್ಸಿನಲ್ಲಿ ಪಿ ಮತ್ತು ಡಬ್ಲ್ಯೂ ಅಂತ ಎರಡು ಬಗೆ. ಪಿ ಪಪ್ಪಾಯಿಗೂ ಬರುತ್ತೆ, ಸೌತೆ, ಕುಂಬಳದ ಜಾತಿಗೂ ಬರುತ್ತೆ. ಡಬ್ಲ್ಯೂ ಸೌತೆ ಜಾತಿಯನ್ನು ಹಾಳು ಮಾಡುತ್ತೆ, ಪಪ್ಪಾಯಿಗೆ ಹತ್ತಲ್ಲ. ಎಲೈಸಾ ನೋಡೋದು ವೈರಸ್ಸಿನ ಹೊರಕವಚದ ಪ್ರೋಟೀನನ್ನು. ಅದರಿಂದ ಎರಡು ಬಗೆಯನ್ನು ಬೇರೆ ಮಾಡೋಕಾಗಲ್ಲ.

ಕೆರೆಏರಿ: ಹಾಗಾದ್ರೆ ವ್ಯತ್ಯಾಸ ಎಲ್ಲಿದೆ ಮೇಡಂ?

ಎಲೆಮರೆ: ಒಳಗಿನ ಎನ್‌ಐಎ-ಪ್ರೋ ಅನ್ನೋ ಪ್ರೋಟೀನಿನಲ್ಲಿ. ವೈರಸ್ ತನ್ನ ಪ್ರೋಟೀನುಗಳನ್ನೆಲ್ಲ ಒಂದೇ ಉದ್ದ ಸರವಾಗಿ ತಯಾರಿಸುತ್ತೆ, ಆ ಸರವನ್ನು ಕತ್ತರಿಸೋ ಮುಖ್ಯ ಕತ್ತರಿ ಇದು. ತೈವಾನಿನ ವಿಜ್ಞಾನಿಗಳು ಎರಡು ಬಗೆಯ ವೈರಸ್ಸಿನ ವಂಶವಾಹಿ ತುಂಡುಗಳನ್ನು ಅದಲುಬದಲು ಮಾಡಿ 2008ರಲ್ಲಿ ಪ್ರಕಟಿಸಿದ್ರು: ಈ ಪ್ರೋಟೀನಿನ 27ನೇ ಜಾಗದಲ್ಲಿ ಲೈಸೀನ್ ಇದ್ದರೆ ಪಪ್ಪಾಯಿಗೆ ಹತ್ತುತ್ತೆ. ಪ್ರೋಟೀನಿನ ಸರದಲ್ಲಿ ಒಂದು ಮಣಿ ಇದ್ದ ಹಾಗೆ, ಒಂದೇ ಒಂದು ಅಮೈನೋ ಆಮ್ಲ! ಓದಿದಾಗಿಂದ ನನಗೆ ಅದೇ ಗುಂಗು. ಕತ್ತರಿಯ ಹರಿತಕ್ಕೂ ಅದಕ್ಕೂ ಸಂಬಂಧ ಇರಲಾರದು ಅಂತ ಅವರ ಅಂದಾಜು. ಆದರೆ ಅವರು ಮಾಡಿದ ಕೆಲವು ವೈರಸ್‌ಗಳು ಹತ್ತಿದ ಮೇಲೆ ಪಪ್ಪಾಯಿ ಗಿಡ ಚೇತರಿಸಿಕೊಂಡಿತು. ಅಂದ್ರೆ ರೋಗ ಜೋರಾಗೋಕೆ ಬೇರೆ ಪ್ರೋಟೀನುಗಳೂ ಬೇಕು.

ನಿಮ್ಮದು ಯಾವ ಬಗೆ, ಅವರದ್ದು ಯಾವ ಬಗೆ ಅಂತ ಮನೇಲೇ ಪರೀಕ್ಷೆ ಮಾಡಬಹುದು. ಈ ವೈರಸ್ ಹರಡೋದು ಎಲೆ ರಸ ಹೀರೋ ಸಸ್ಯಹೇನಿನಿಂದ, ಹಾಗಾಗಿ ಹೇನು ನುಸುಳದ ಬಲೆಯೊಳಗೆ ಪಪ್ಪಾಯಿ ಮತ್ತು ಸೌತೆ ಸಸಿ ಬೆಳೆಸಿ. ಎರಡು ಬೆಳೆಯ ರೋಗದ ಎಳೆ ಎಲೆಗಳನ್ನು ಬೇರೆ ಬೇರೆ ಅರೆದು, ನುಣ್ಣನೆ ಕಾರ್ಬೊರಂಡಮ್ ಪುಡಿ (ಎಲೆಗೆ ಸಣ್ಣ ಗೀರು ಮಾಡೋ ಉಜ್ಜುಪುಡಿ) ಉದುರಿಸಿದ ಸಸಿಯ ಎಲೆ ಮೇಲೆ ಮೆಲ್ಲಗೆ ಉಜ್ಜಿ, ತಕ್ಷಣ ನೀರು ಹಾಕಿ ತೊಳೆಯಿರಿ. ನಾಲ್ಕು ವಾರ ಕಾಯಿರಿ. ಮುಗಿದ ಮೇಲೆ ಸಸಿಗಳನ್ನು ಸುಟ್ಟುಬಿಡಿ.

ಮಳೆಬಿಲ್ಲು: ಅಲ್ಲಿವರೆಗೆ ಹೇನಿಗೆ ಔಷಧಿ ಹೊಡೆದ್ರೆ?

ಎಲೆಮರೆ: ಅದನ್ನೇ ನಂಬಬೇಡಿ. ವೈರಸ್ಸಿನ ಎಚ್‌ಸಿ-ಪ್ರೋ ಅನ್ನೋ ಇನ್ನೊಂದು ಪ್ರೋಟೀನು ವೈರಸ್ಸನ್ನು ಹೇನಿನ ಸೂಜಿಬಾಯಿಗೆ ಅಂಟಿಸುತ್ತೆ. ಕೆಲವೇ ಸೆಕೆಂಡು ಚುಚ್ಚಿದರೂ ಸಾಕು, ಔಷಧಿಗೆ ಹೇನು ಸಾಯೋ ಹೊತ್ತಿಗೆ ರೋಗ ದಾಟಿರುತ್ತೆ. ರೋಗದ ಗಿಡ ಕಿತ್ತು ಹೂಳಿ, ಸುತ್ತ ಎರಡು ಸಾಲು ಜೋಳ ಹಾಕಿ.

ಕೆರೆಏರಿ: ಐದು ವಾರ ಆಯ್ತು. ಸೌತೆ ರಸ ಉಜ್ಜಿದ ಎಂಟು ಪಪ್ಪಾಯಿ ಸಸಿಯೂ ಹಸಿರಾಗಿವೆ. ಅದೇ ರಸ ಉಜ್ಜಿದ ಸೌತೆ ಸಸಿಗೆ ಮಚ್ಚೆ ಬಂತು, ಹಾಗಾಗಿ ಉಜ್ಜಿದ್ದು ಸರಿಯಾಗಿದೆ. ಪಪ್ಪಾಯಿ ರಸ ಮಾತ್ರ ಎರಡು ಜಾತಿಗೂ ಹತ್ತಿತು.

ಎಲೆಮರೆ: ಅಲ್ಲಿಗೆ ಅವರದ್ದು ಡಬ್ಲ್ಯೂ, ನಿಮ್ಮದು ಪಿ ಅನ್ನಬಹುದು. ನಿಮಗೆ ಬಂದಿರೋದು ಹೆಚ್ಚಾಗಿ ಹತ್ತಿರದ ಯಾವುದೋ ಪಪ್ಪಾಯಿಂದ. ಹಿತ್ತಿಲಲ್ಲಿ ತಾನಾಗಿ ಹುಟ್ಟಿದ ಗಿಡ ಇದ್ರೂ ನೋಡಿ.

ಕೆರೆಏರಿ: ಬಾವಿ ಹಿಂದೆ ಒಂದಿತ್ತು, ಕಾಯಿ ತುಂಬ ಉಂಗುರ. ಇವತ್ತು ಕಡಿದೆ. ನನ್ನ ಹನ್ನೊಂದನ್ನೂ ಕಿತ್ತೆ, ಇಲ್ಲಾಂದ್ರೆ ಅಣ್ಣನವರ ಮುಂದಿನ ಸೌತೆಗೆ ನನ್ನಿಂದಲೇ ಹೋಗ್ತಿತ್ತು.