ಲಿಟಲ್ ಮೋರ್ಟನ್ ಹಾಲ್ ಇಷ್ಟು ಸೊಟ್ಟಗಿದ್ದೂ ಬಿದ್ದಿಲ್ಲ, ಹೇಗೆ?

ಹಳೇಮನೆ: ಇಂಗ್ಲೆಂಡಿನ ಚೆಷೈರ್‌ನಲ್ಲಿರುವ ಈ ಮರದ ಚೌಕಟ್ಟಿನ ಮನೆಯ ಚಿತ್ರಗಳಲ್ಲಿ ದಕ್ಷಿಣದ ಕೋಣೆಸಾಲು ಹೊಟ್ಟೆ ಬಿಟ್ಟಂತೆ ಉಬ್ಬಿದೆ, ಮೇಲಿನ ಗ್ಯಾಲರಿಯ (ಉದ್ದ ಹಜಾರ) ನೆಲ ಏರುಪೇರಾಗಿದೆ. ಬುನಾದಿ ಕುಸಿದಿದೆಯೇ? ಕಂಬಗಳ ನಡುವಿನ ಬಿಳಿ ಗೋಡೆ ಭಾರ ಹೊರುತ್ತದೆಯೇ? ಇಂಥ ಗೋಡೆ ಬಿರುಕು ಬಿಟ್ಟರೆ ಸಿಮೆಂಟ್ ಮೆತ್ತಬಹುದೇ?

ತೊಲೆಜಂತೆ: ಮುಖ್ಯ ಕಾರಣ ತಲೆಭಾರ. ಮನೆಯ ಹಳೆಯ ಭಾಗ 1504ರ ಆಸುಪಾಸಿನದು. ದಕ್ಷಿಣದ ಸಾಲು ಎದ್ದದ್ದು 1560ರ ಸುಮಾರಿಗೆ. 68 ಅಡಿ ಉದ್ದದ ಗ್ಯಾಲರಿ ಕೆಲಸ ನಡೆಯುತ್ತಿದ್ದಾಗ ಹೊಳೆದ ಯೋಚನೆ ಇರಬೇಕು. ಅದರ ಮೇಲೆ ಹೊದಿಸಿದ್ದು ಹೆಂಚಲ್ಲ, ಮರಳುಗಲ್ಲಿನ ಚಪ್ಪಡಿ! ಕೆಳಗಿನ ಚೌಕಟ್ಟಿಗೆ ಅಷ್ಟು ತಾಳಿಕೆ ಇಲ್ಲದೆ ಅದು ಹೊರಕ್ಕೆ ಬಾಗಿತು.

ಎರಡನೆಯದು ಹಸಿ ಓಕ್. ಒಣಗಿದ ಓಕ್‌ಗೆ ಉಳಿ ಇಳಿಯುವುದು ಕಷ್ಟ, ಹಾಗಾಗಿ ಹಸಿಯಾಗಿರುವಾಗಲೇ ಕೆತ್ತಿ ನಿಲ್ಲಿಸುತ್ತಿದ್ದರು. ಅದು ಉದ್ದಕ್ಕೆ ಕುಗ್ಗುವುದು ನಗಣ್ಯ, ಅಡ್ಡಕ್ಕೆ ಚೆನ್ನಾಗಿಯೇ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಇದಕ್ಕೆ ಬಡಗಿಗಳ ಉಪಾಯ: ತೊಲೆಯ ನಾಲಗೆಯಲ್ಲಿನ (ಕಂಬದೊಳಗೆ ಕೂರುವ ತುದಿ) ತೂತನ್ನು ಕಂಬದ ತೂತಿಗಿಂತ 2–3 ಮಿ.ಮೀ. ತೊಲೆಯ ಕಡೆಗೆ ಸರಿಸಿ ಕೊರೆಯುವುದು. ಮರದ ಗೂಟ ಬಡಿದಾಗ ಸಂದು ತಾನಾಗಿ ಬಿಗಿಯಾಗುತ್ತದೆ. ಇಂಥ ಸಂದು ಮುರಿಯದೆ ತುಸು ತಿರುಗಬಲ್ಲದು. ಓರೆಕಟ್ಟುಗಳು ಮೂಲೆಗಳನ್ನು ಹಿಡಿದಿರುತ್ತವೆ. ಮನೆ ವಾಲಿದರೂ ಭಾರಕ್ಕೆ ಬೇರೆ ದಾರಿ ಸಿಗುತ್ತದೆ.

ಗಾರೆಗಚ್ಚು: ನಡುವಿನ ಗೋಡೆ ಬರೀ ಮರೆ, ಭಾರವೆಲ್ಲ ಮರದ್ದೇ. ಈ ಬಗೆಯ ಮನೆಗಳಲ್ಲಿ ಸಾಮಾನ್ಯವಾಗಿ ಮೇಲಿನ ತೊಲೆಯ ತೂತುಗಳಿಗೆ ಓಕ್ ಕಡ್ಡಿಗಳ ತುದಿ ಸಿಕ್ಕಿಸಿ, ಕೆಳತುದಿಯನ್ನು ಕೆಳತೊಲೆಯ ಉದ್ದ ಕೊರಕಲಿಗೆ ಜಾರಿಸಿ, ಹೇಸಲ್ ಎಂಬ ಗಿಡದ ಬರಲು ಹೆಣೆದು ತಡಿಕೆ ಮಾಡುತ್ತಾರೆ. ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸೆಗಣಿ ಕಲಸಿ ಎರಡೂ ಕಡೆಯಿಂದ ಏಕಕಾಲಕ್ಕೆ ಒತ್ತಿ ಮೆತ್ತುತ್ತಾರೆ. ಒಂದೇ ಕಡೆ ಮೆತ್ತಿದರೆ ಹಿಡಿತ ಸಿಗದೆ ಉದುರುತ್ತದೆ.

ಸಿಮೆಂಟ್ ಬೇಡವೇ ಬೇಡ. ಮರ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಮಿಸುಕುವುದಿಲ್ಲ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಮಳೆನೀರು ಒಳಗಿಳಿಯುತ್ತದೆ, ಆವಿಯಾಗಲು ದಾರಿಯಿಲ್ಲ. ಮರದ ತೇವ ಶೇ. 20 ದಾಟಿ ಅಲ್ಲೇ ನಿಂತರೆ ಕೊಳೆತ ಶುರು. ಮೊದಲು ಹೋಗುವುದು ಕೆಳತೊಲೆಯ ಕೊರಕಲು, ಹೊರಗಿನಿಂದ ಕಾಣುವುದೇ ಇಲ್ಲ. ಸಣ್ಣ ಉಳಿಯ ಮೊನೆ ಚುಚ್ಚಿ ನೋಡಿ.

ದುರಸ್ತಿಗೆ ಹಳೆಯ ಮಣ್ಣನ್ನೇ ನೆನೆಸಿ ಮತ್ತೆ ಕಲಸಿ. ಒಣಗಿದಾಗ ಅಂಚಿನಲ್ಲಿ ಬಿಡುವ ಸಂದನ್ನು ಸುಣ್ಣದ ಗಾರೆಯಿಂದ ತುಂಬಿ, ಮೇಲೆ ತೆಳು ಸುಣ್ಣವನ್ನು ನಾಲ್ಕೈದು ಬಾರಿ ಬಳಿಯಿರಿ. ಸಾದಾ ಕಬ್ಬಿಣದ ಮೊಳೆ ಬೇಡ, ಓಕ್‌ನ ಒಗರು ಅದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಬಳಸಿ.

ಹಳೇಮನೆ: ಹಾಗಾದರೆ ಮರದ ಕಪ್ಪು ಬಣ್ಣ ರಕ್ಷಣೆಗೋ?

ತೊಲೆಜಂತೆ: ಅಲ್ಲ, ಅದು ವಿಕ್ಟೋರಿಯಾ ಕಾಲದ ಷೋಕಿ. ಮೂಲದಲ್ಲಿ ಮರ ಬರಿದಾಗಿದ್ದು, ಗೋಡೆಗೆ ಕಾವಿಹಳದಿ ಬಣ್ಣವಿದ್ದಿರಬೇಕು. ಓಕ್ ಗಾಳಿಮಳೆಗೆ ತಾನೇ ಬೂದುಬೆಳ್ಳಿಯಾಗುತ್ತದೆ. ಡಾಂಬರು ಬಳಿದರೆ ಸಿಮೆಂಟಿನ ಕಥೆಯೇ. ಅಂಗಳದ ಕಿಟಕಿಗಳನ್ನೂ ಗಮನಿಸಿ: 1559ರಲ್ಲಿ ಮಾಡಿದ ಬಡಗಿ ರಿಚರ್ಡ್ ಡೇಲ್‌ನ ಹೆಸರು ಅವುಗಳ ಮೇಲೇ ಕೆತ್ತಿದೆ.