ಅರವತ್ತು ದಾಟಿದ ಮೇಲೆ ನೇಪಾಳದ ಮಿಷನ್ ಆಸ್ಪತ್ರೆಗೆ ಹೋಗಬಹುದಾ? ಓದುಗರ ಸ್ಪಂದನ

ಹಾಸನ ಜಿಲ್ಲೆಯ ಓದುಗರೊಬ್ಬರು ಹೇಳಿಕೊಂಡಿದ್ದ ಸಮಸ್ಯೆ ಇದು: "ನನ್ನವರು ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ನಾನು ನರ್ಸ್ ಆಗಿದ್ದೆ. ಇಬ್ಬರಿಗೂ ಅರವತ್ತು ದಾಟಿದೆ. ನೇಪಾಳದ ಗುಡ್ಡಗಾಡಿನ ಒಂದು ಕ್ರೈಸ್ತ ಮಿಷನ್ ಆಸ್ಪತ್ರೆಗೆ ಎರಡು ವರ್ಷ ಬನ್ನಿ ಎಂದು ಕರೆದಿದ್ದಾರೆ. ಕೆಲಸ ಅವರಿಗೆ, ನಾನು ಜೊತೆಗಿದ್ದರೆ ಸಾಕಂತೆ. ದೇವರ ಕರೆ ಎಂದು ಅವರು ಸಂತೋಷದಲ್ಲಿದ್ದಾರೆ. ಮಗ ಮಾತು ಬಿಟ್ಟಿದ್ದಾನೆ. ನನಗೆ ಮಂಡಿನೋವು, ಬಿಪಿ. ಅಲ್ಲಿ ದಿನ ಹೇಗೆ ಕಳೆಯುತ್ತದೋ, ಆ ಜನಕ್ಕೇ ಭಾರವಾಗುತ್ತೇವೋ ಎಂಬ ಚಿಂತೆ." ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಹೋಗಿ ಅಕ್ಕ. ಆದರೆ "ಜೊತೆಗಿದ್ದರೆ ಸಾಕು" ಎಂಬ ಮಾತಿಗೆ ಮಾತ್ರ ಒಪ್ಪಬೇಡಿ.

ನಾವಿಬ್ಬರೂ ನಿವೃತ್ತಿಯ ನಂತರ ನೇಪಾಳದ ಪಾಲ್ಪಾ ಜಿಲ್ಲೆಯ ತಾನ್ಸೇನ್‌ನಲ್ಲಿ ಇದ್ದೆವು. ನನ್ನ ಗಂಡ ಆಸ್ಪತ್ರೆಯ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಹೋದರೆ ಬರುವುದು ಸಂಜೆಯೇ. ಮೊದಮೊದಲು ನನಗೆ ಅಂತ ಒಂದು ಕೆಲಸವೂ ಇರಲಿಲ್ಲ. ಭಾಷೆ ಬಾರದು. ಮಾತಾಡಲು ಯಾರೂ ಇಲ್ಲ. ಅವರು ದುಡಿದು ದಣಿದು ಬರುತ್ತಿದ್ದರು, ನಾನು ಸುಮ್ನೆ ಕೂತು ದಣಿದಿರುತ್ತಿದ್ದೆ. ವಯಸ್ಸಾದ ದಂಪತಿ ಅರ್ಧದಲ್ಲೇ ಊರಿಗೆ ಮರಳಿದ್ದನ್ನು ಅಲ್ಲಿ ಕಂಡಿದ್ದೇನೆ. ಚಳಿಗಿಂತ, ಕಾಯಿಲೆಗಿಂತ, ಇಬ್ಬರಲ್ಲಿ ಒಬ್ಬರಿಗೆ ಕೆಲಸವಿಲ್ಲದ್ದೇ ಅದಕ್ಕೆ ಕಾರಣ ಎಂದು ನನ್ನ ಅನಿಸಿಕೆ.

ಆಮೇಲೆ ನನಗೆ ಕೆಲಸ ಸಿಕ್ಕಿದ್ದು ಕುರುವಾಗಳ ನಡುವೆ. ರೋಗಿಯನ್ನು ನೋಡಿಕೊಳ್ಳಲು ಜೊತೆಗೆ ಬಂದು ಉಳಿಯುವ ಮನೆಯವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ಊಟ ಮಾಡಿಸುವುದು, ಮೈ ಒರೆಸುವುದು, ಔಷಧಿ ತರುವುದು ಎಲ್ಲ ಅವರದೇ. ಎಲ್ಲಿ ರಕ್ತ ಕೊಡಬೇಕು, ಯಾವ ಕಿಟಕಿಯಲ್ಲಿ ದುಡ್ಡು ಕಟ್ಟಬೇಕು, ಒಂದೂ ಗೊತ್ತಿರುವುದಿಲ್ಲ. ಆ ಗುಡ್ಡಗಳಲ್ಲಿ ಗಂಡಸರು ಕೊಲ್ಲಿ ದೇಶಗಳಿಗೋ ಮಲೇಷ್ಯಾಕ್ಕೋ ದುಡಿಯಲು ಹೋದ ಮನೆಗಳು ಬಹಳ. ಹಾಸಿಗೆಯ ಮೇಲೆ ಅತ್ತೆ, ಕಂಕುಳಲ್ಲಿ ಮಗು, ನಡುವೆ ಸೊಸೆ ಒಬ್ಬಳೇ. ಅವಳ ಪಕ್ಕ ಕೂರಲು, ಕೌಂಟರ್ ತೋರಿಸಲು, ಒಂದರ್ಧ ಗಂಟೆ ಮಗು ಎತ್ತಿಕೊಳ್ಳಲು ನಮ್ಮ ವಯಸ್ಸೇ ಸರಿಯಾದ ವಯಸ್ಸು. ತಲೆ ನೆರೆತಿದ್ದರೆ "ಆಮಾ" ಎಂದು ತಾವಾಗಿ ಮಾತಾಡಿಸುವ ಜನ ಅವರು. ನೀವು ಖಂಡಿತ ಭಾರವಾಗುವುದಿಲ್ಲ.

ಊಟದ ಹೊತ್ತು ನಮಗಿಂತ ಬೇರೆ. ಬೆಳಿಗ್ಗೆ ಬರೀ ಚಹಾ. ಒಂಬತ್ತು, ಹತ್ತು ಗಂಟೆಗೆ ದಾಲ್ ಭಾತ್. ಮಧ್ಯಾಹ್ನ ಖಾಜಾ ಅಂತ ಸ್ವಲ್ಪ ತಿಂಡಿ. ರಾತ್ರಿ ಮತ್ತೆ ದಾಲ್ ಭಾತ್. ಸಾಸಿವೆ ಎಣ್ಣೆಯ ವಾಸನೆ ಒಗ್ಗಲು ಸಮಯ ಹಿಡಿಯುತ್ತದೆ. ತೆಂಗಿನಕಾಯಿ ಆಸೆ ಬಿಡಬೇಕು. ಆದರೆ ಹಾಸನದವರಿಗೆ ಖುಷಿಯ ಸುದ್ದಿ ಇದೆ. ಅಲ್ಲಿನ ಕೋದೋ ಎಂದರೆ ನಮ್ಮ ರಾಗಿಯೇ! ಅದರ ಹಿಟ್ಟಿನಲ್ಲಿ ಢಿಂಡೋ ಮಾಡುತ್ತಾರೆ. ಮುದ್ದೆಗಿಂತ ಸ್ವಲ್ಪ ಮೆತ್ತಗೆ, ಅಷ್ಟೇ. ಗುಂದ್ರುಕ್ ಎಂಬ ಹುಳಿ ಸೊಪ್ಪಿನ ಸಾರಿನ ಜೊತೆ ಬಹಳ ರುಚಿ.

ತಾನ್ಸೇನ್ ಸುಮಾರು 1,350 ಮೀಟರ್ ಎತ್ತರದಲ್ಲಿದೆ. ಉಸಿರಿಗೆ ತೊಂದರೆಯಿಲ್ಲ, ಮಂಡಿಗೆ ಇದೆ. ಊರೆಲ್ಲ ಇಳಿಜಾರು. ಸೊಪ್ಪು ತರಬೇಕಾದರೂ ಇಳಿದು ಹತ್ತಬೇಕು. ಆದ್ದರಿಂದ ಆಸ್ಪತ್ರೆಯ ಮಟ್ಟದಲ್ಲೇ ಇರುವ ಮನೆ ಕೇಳಿ, ಸಂಕೋಚ ಬೇಡ. ಚರ್ಚಿನ ಆರಾಧನೆ ಶನಿವಾರ, ವಾರದ ರಜೆ ಅವತ್ತು. ನಾವಿದ್ದಾಗ ಭಾನುವಾರ ಎಂದಿನಂತೆ ಡ್ಯೂಟಿ. ಸಭೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ನೆಲದ ಮೇಲೆ ಕೂರುತ್ತಾರೆ. ಅಲ್ಲೂ ಒಂದು ಕುರ್ಚಿ ಕೇಳಿ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಬುಟ್ವಲ್ ಪಟ್ಟಣದಿಂದ ಬರುವ ರಸ್ತೆಯಲ್ಲಿ ಗುಡ್ಡ ಕುಸಿಯುತ್ತದೆ. ಬಿಪಿ ಮಾತ್ರೆ ಮುಂಚೆಯೇ ತಂದಿಟ್ಟುಕೊಳ್ಳಿ.

ನೇಪಾಳಕ್ಕೆ ಮಿಷನ್ ಬಂದ ಕಥೆ ನಿಮಗೆ ಹೇಳಲೇಬೇಕು. ರಾಬರ್ಟ್ ಫ್ಲೆಮಿಂಗ್ ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯಲ್ಲಿ ಮೇಷ್ಟ್ರು. ಹಕ್ಕಿಗಳೆಂದರೆ ಪ್ರಾಣ. 1949ರಲ್ಲಿ ಹಕ್ಕಿಗಳ ಅಧ್ಯಯನಕ್ಕೆಂದೇ ಆ ಕಡೆ ಹೋದರು. ಅಲ್ಲಿನ ಜನಕ್ಕೆ ಬೇಕಾಗಿದ್ದದ್ದು ಆಸ್ಪತ್ರೆ. ಅವರ ಹೆಂಡತಿ ಬೆಥೆಲ್ ಡಾಕ್ಟರು. 1954ರಲ್ಲಿ ಯುನೈಟೆಡ್ ಮಿಷನ್ ಟು ನೇಪಾಳ್ ಎಂಬ ಕ್ರೈಸ್ತ ಸೇವಾ ಸಂಸ್ಥೆ ಶುರುವಾಯಿತು. ಬೆಥೆಲ್ ಕಾಠ್ಮಂಡುವಿನಲ್ಲಿ ರೋಗಿಗಳನ್ನು ನೋಡತೊಡಗಿದರು. ಆಗ ಅವರೇನೂ ಎಳೆಯ ವಯಸ್ಸಿನ ದಂಪತಿಯಲ್ಲ. ಬೆಥೆಲ್ ಗಂಡನ ಜೊತೆಗೆ ಸುಮ್ನೆ ಹೋದವರಲ್ಲ, ಅಲ್ವಾ? ನಿಮಗೂ ಕೈಯಲ್ಲಿ ವಿದ್ಯೆ ಇದೆ. ಹೊರಡುವ ಮುಂಚೆಯೇ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಗಂಟೆ, ಯಾರ ಕೈಕೆಳಗೆ ಎಂದು ಬರೆಸಿಕೊಳ್ಳಿ. ಮೊದಲ ಮೂರು ತಿಂಗಳು ಇಬ್ಬರಿಗೂ ನೇಪಾಳಿ ಪಾಠ ಕೇಳಿ, ಅವರೊಬ್ಬರಿಗೇ ಅಲ್ಲ.

ಇನ್ನೊಂದು ಮಾತು. ನೇಪಾಳದಲ್ಲಿ ಮತಾಂತರ ಮಾಡಿಸುವುದು ಅಪರಾಧ. 2018ರಲ್ಲಿ ಜಾರಿಯಾದ ದಂಡ ಸಂಹಿತೆಯಲ್ಲಿ 5 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ ಇದೆ. ವಿದೇಶಿಯರನ್ನು ಶಿಕ್ಷೆ ಮುಗಿದ ಮೇಲೆ ದೇಶದಿಂದ ಕಳಿಸುತ್ತಾರೆ. ಅಲ್ಲಿ ಸೇವೆ ಎಂದರೆ ಆರೈಕೆಯೇ. ನಿಮ್ಮವರು ಇದನ್ನು ಮನಸಾರೆ ಒಪ್ಪಿದ್ದಾರಾ ಎಂದು ಈಗಲೇ ಕೂತು ಮಾತಾಡಿ.

– ನಿವೃತ್ತ ಶಿಕ್ಷಕಿ, ಮಂಗಳೂರು

ನಿಮ್ಮ ಮಗನ ಪರವಾಗಿ ಬರೆಯುತ್ತಿದ್ದೇನೆ. ನನ್ನ ಅಪ್ಪ ಅಮ್ಮ ಹೀಗೇ ಜಾಂಬಿಯಾಕ್ಕೆ ಸೇವೆಗೆ ಹೋಗಿದ್ದರು. ನಾನೂ ಮಾತು ಬಿಟ್ಟಿದ್ದೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಾರದಿದ್ದರೆ ಇನ್ನೂ ಜಾಸ್ತಿ. ನನ್ನನ್ನು ಸಮಾಧಾನ ಮಾಡಿದ್ದು ಬೈಬಲ್ ವಚನವೂ ಅಲ್ಲ, ಚರ್ಚಿನ ಅಯ್ಯನವರ ಬುದ್ಧಿಮಾತೂ ಅಲ್ಲ. ಅಮ್ಮ ಕಳಿಸಿದ ಒಂದು ಹಾಳೆ. ಅಮ್ಮ ಬಿದ್ದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ನನಗೆ ಯಾರು ಫೋನ್ ಮಾಡುತ್ತಾರೆ, ಖರ್ಚು ಯಾರದು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮಣ್ಣು ಎಲ್ಲಿ, ಎಲ್ಲ ಅದರಲ್ಲಿತ್ತು. ಕೊನೆಯದನ್ನು ಓದಿ ಅತ್ತುಬಿಟ್ಟೆ. ಆದರೆ ಅವತ್ತೇ ಫೋನ್ ಮಾಡಿದೆ. ಮಗನ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿ. ಮುಚ್ಚಿಟ್ಟರೆ ಅವನ ಭಯ ಬೆಳೆಯುತ್ತದೆ.

– ಓದುಗ, ಬೆಂಗಳೂರು

ಎರಡು ವರ್ಷಕ್ಕೆ ಒಮ್ಮೆಲೇ ಹೂಂ ಅನ್ನಬೇಡಿ. ಗಡಿಯ ಈಚೆ, ಬಿಹಾರದ ರಕ್ಸೌಲ್‌ನಲ್ಲಿ ಡಂಕನ್ ಆಸ್ಪತ್ರೆ ಇದೆ. 1930ರಲ್ಲಿ ಶುರುವಾದದ್ದು. ಆಚೆಯೇ ನೇಪಾಳದ ಬೀರ್‌ಗಂಜ್. ನೇಪಾಳದಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಸಾಧ್ಯವಾದರೆ ಅಂಥ ಕಡೆ ಒಂದು ತಿಂಗಳು ಇದ್ದು ನೋಡಿ, ಅದೂ ಮಳೆಗಾಲದಲ್ಲಿ. ಮನೆಯಿಂದ ದೂರ ಇಬ್ಬರೇ ಇರುವುದು ಹೇಗೆಂದು ಗೊತ್ತಾಗುತ್ತದೆ. ಮತ್ತೆ, ನೀವು ನರ್ಸ್ ಆಗಿ ಕೆಲಸ ಮಾಡುವುದಾದರೆ ನೇಪಾಳ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ದಾಖಲಾಗಬೇಕು. ಕರೆದವರೇ ಅದನ್ನು ಮಾಡಿಸಿಕೊಡಲಿ.

– ನಿವೃತ್ತ ನರ್ಸ್, ಗದಗ

ನಾನು ಕಾಗದಪತ್ರದ ವಿಷಯ ಮಾತ್ರ ಹೇಳುತ್ತೇನೆ. ನಮಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರೊಳಗಿನ ಮಕ್ಕಳಿಗೆ ಮಾತ್ರ. ಪಿಂಚಣಿಯ ಜೀವನ್ ಪ್ರಮಾಣ್ (ಬದುಕಿದ್ದೇವೆ ಎಂಬ ಪ್ರಮಾಣಪತ್ರ) ನವೆಂಬರ್‌ನಲ್ಲಿ ಕೊಡಬೇಕಲ್ಲ, ಅದನ್ನು ಮೊಬೈಲ್‌ನಲ್ಲಿ ಮುಖ ತೋರಿಸಿ ಮುಗಿಸುವುದನ್ನು ಇಲ್ಲೇ ಕಲಿತು ಹೋಗಿ. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ, ಈ ದರ ಏರಿಳಿಯುವುದಿಲ್ಲ. ನಿಮ್ಮ ಆರೋಗ್ಯ ವಿಮೆ ಭಾರತದ ಹೊರಗೆ ನಡೆಯುತ್ತದಾ ಎಂದು ಪಾಲಿಸಿ ತೆಗೆದು ಓದಿ. ಬಹಳಷ್ಟು ಪಾಲಿಸಿಗಳು ನಡೆಯುವುದಿಲ್ಲ. ನಡೆಯದಿದ್ದರೆ ಟಿಕೆಟ್ ತೆಗೆಯುವ ಮುಂಚೆ ಕಳಿಸುವ ಸಂಸ್ಥೆಯಿಂದಲೇ ಇಬ್ಬರಿಗೂ ವಿಮೆ ಮಾಡಿಸಿಕೊಳ್ಳಿ.

– ನಿವೃತ್ತ ಬ್ಯಾಂಕ್ ನೌಕರ, ಮೈಸೂರು