ಸ್ಯಾಡಲ್ ಪೀಕ್ ಹತ್ತುವ ಆಸೆಯನ್ನು ಬಿಡಬೇಡಿ

ಪುಟ್ಟೀ, ನಿನ್ನೆ ರಾತ್ರಿ ಗುಂಪಿನಲ್ಲಿ ನೀನು ಕೇಳಿದ್ದನ್ನು ಬೆಳಿಗ್ಗೆ ಮಾವನಿಗೂ ಓದಿ ಹೇಳಿದೆ. ಜನವರಿಯಲ್ಲಿ ನಿಮ್ಮಿಬ್ಬರಿಗೂ ಒಂಬತ್ತು ದಿನ ರಜೆ ಸಿಕ್ಕಿದೆ, ಅಂಡಮಾನಿಗೆ ಹೋಗುವುದೆಂದು ನಿಶ್ಚಯಿಸಿದ್ದೀರಿ, ಟೂರಿನವರು ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳನ್ನಷ್ಟೇ ಸೇರಿಸಿ ಪ್ಯಾಕೇಜು ಕೊಟ್ಟಿದ್ದಾರೆ, ಆದರೆ ಅಳಿಯಂದಿರಿಗೆ ಉತ್ತರದ ಸ್ಯಾಡಲ್ ಪೀಕ್ ಹತ್ತುವ ಆಸೆಯಿದೆ. ಅಷ್ಟು ದೂರ ಹೋಗುವುದು ಸಾರ್ಥಕವೇ ಎಂದು ಕೇಳಿದ್ದೀಯಲ್ಲ. ಇದನ್ನೆಲ್ಲ ಟೈಪು ಮಾಡಿ ಮುಗಿಸುವುದು ನನ್ನಿಂದಾಗದು, ಹಾಗಾಗಿ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಇಬ್ಬರೂ ಜೊತೆಗೆ ಕುಳಿತು ಕೇಳಿ.

ಹೋಗಿ ಮಗೂ, ಖಂಡಿತ ಹೋಗಿ. ಅಷ್ಟೇ ಅಲ್ಲ, ಉತ್ತರಕ್ಕೇ ಮೊದಲು ಹೋಗಿ. ಮೂರು ವರ್ಷದ ಹಿಂದೆ ನಾವು ಹೋದಾಗ ಮೊದಲ ನಾಲ್ಕು ದಿನ ಹ್ಯಾವ್‌ಲಾಕಿನ ಕಡಲಲ್ಲಿ ಆಡಿ, ಬಿಸಿಲಿಗೆ ಬೆಂದು, ಆಮೇಲೆ ಸ್ಯಾಡಲ್ ಪೀಕಿಗೆ ಹತ್ತಿರದ ಊರಾದ ಡಿಗ್ಲಿಪುರದ ಬಸ್ಸು ಹತ್ತಿದೆವು. ಅದು ತಪ್ಪಾಯಿತು. ದಣಿದು ಬಂದವರಿಗೆ ಕಡಲತೀರ ಹಿತವಾಗುತ್ತದೆ, ಆದರೆ ಬೆಟ್ಟ ಹತ್ತಲು ದಣಿಯದ ಕಾಲು ಬೇಕು.

ಸ್ಯಾಡಲ್ ಪೀಕಿನ ಎತ್ತರ 732 ಮೀಟರ್. ಇಡೀ ಅಂಡಮಾನ್ ನಿಕೋಬಾರಿನಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ನಮ್ಮ ಕಾಸರಗೋಡಿನ ರಾಣಿಪುರ ಬೆಟ್ಟವನ್ನು ನೋಡಿದವರಿಗೆ ಇದೇನು ಮಹಾ ಎಂದು ತೋರಬಹುದು, ಆದರೆ ರಾಣಿಪುರದಲ್ಲಿ ಏರಿನ ಬಹುಪಾಲನ್ನು ಕಾರೇ ಹತ್ತಿಸಿಬಿಡುತ್ತದೆ. ಇಲ್ಲಿ ನಡಿಗೆ ತೊಡಗುವುದು ಲಾಮಿಯಾ ಬೇ ಎಂಬಲ್ಲಿ, ಅಲೆಯ ನೀರು ಚಪ್ಪಲಿಗೆ ತಾಗುವಷ್ಟು ತಗ್ಗಿನಲ್ಲಿ. ಹಾಗಾಗಿ ಅಷ್ಟು ಎತ್ತರವನ್ನೂ ನಿಮ್ಮ ಕಾಲೇ ಏರಬೇಕು. ಒಂದು ದಿಕ್ಕಿಗೆ ಸುಮಾರು 8 ಕಿಲೋಮೀಟರ್ ಆಗುತ್ತದೆ. ಅದು ರಾಷ್ಟ್ರೀಯ ಉದ್ಯಾನವಾದ್ದರಿಂದ ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ಚೀಟಿ ಪಡೆದು, ಅಲ್ಲಿನ ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಂಡೇ ಒಳಗೆ ಹೋಗಿ. ನಮ್ಮ ಜೊತೆಗೆ ಬಂದವನು ಬಂಗಾಳಿ ಹುಡುಗ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ಅಲ್ಲಿ ಭೂಮಿ ಕೊಟ್ಟಿತ್ತಲ್ಲ, ಹಾಗೆ ಬಂದವರ ಮೊಮ್ಮಗ.

ಮೊದಲ ಭಾಗ ಕಡಲ ಬದಿಯಲ್ಲೇ, ಗುಂಡುಕಲ್ಲುಗಳ ಮೇಲೆ. ಆಮೇಲೆ ದಾರಿ ಕಾಡಿಗೆ ತಿರುಗುತ್ತದೆ. ಆ ಕಾಡನ್ನು ಹೊಕ್ಕಾಗ ಮಾವ ಹೇಳಿದ ಮೊದಲ ಮಾತು, "ಇದು ನಮ್ಮ ಕಾಡಿನ ವಾಸನೆಯೇ" ಎಂದು. ಅದು ಸುಳ್ಳಲ್ಲ. ಭೂಪಟದಲ್ಲಿ ನೋಡಿದರೆ ಡಿಗ್ಲಿಪುರ ನಮ್ಮ ಮಂಜೇಶ್ವರಕ್ಕಿಂತ ಅರ್ಧ ಡಿಗ್ರಿಯಷ್ಟೇ ಉತ್ತರಕ್ಕಿದೆ, ಮತ್ತು ಎರಡೂ ಮಳೆಗಾಲಗಳು ಸೇರಿ ಅಲ್ಲಿಗೂ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದೇ ಕೊಳೆತ ಎಲೆಯ ಮೆತ್ತೆ, ಅದೇ ಬೆತ್ತದ ಪೊದೆ. ಜಾರಿದಾಗ ಮಾವ ಆಸರೆಗೆಂದು ಹಿಡಿದದ್ದು ಬೆತ್ತದ ಬಳ್ಳಿಯನ್ನು. ಅಂಗೈಯಲ್ಲಿ ಸಾಲಾಗಿ ಹೊಕ್ಕ ಏಳು ಮುಳ್ಳುಗಳನ್ನು ನನ್ನ ಸೀರೆಪಿನ್ನಿನಿಂದ ಒಂದೊಂದಾಗಿ ತೆಗೆದೆ. ಆದ್ದರಿಂದ ಕೈ ಚಾಚುವ ಮೊದಲು ನೋಡಿ. ತುದಿಯಲ್ಲಿ ನಾವು ಹೋದ ದಿನ ಮಂಜು ಕವಿದಿತ್ತು. ಕಡಲು ಕಂಡದ್ದು ಹತ್ತುವಾಗ, ಮರಗಳ ಸಂದಿಯಲ್ಲಿ. ಮೇಲಿನ ನೋಟ ಸಿಕ್ಕೀತೆಂದು ನಂಬಿ ಹೋಗಬೇಡಿ, ದಾರಿಗಾಗಿ ಹೋಗಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು ಹೊತ್ತಿನ ವಿಷಯ. ಅಂಡಮಾನ್ ನಮಗಿಂತ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ನಮ್ಮದೇ. ಇದರಿಂದಾಗಿ ಜನವರಿಯಲ್ಲಿ ಅಲ್ಲಿ ಸಂಜೆ ಐದೂಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಊರಿಗಿಂತ ಒಂದು ಗಂಟೆಗೂ ಹೆಚ್ಚು ಬೇಗ. ನಮಗೆ ಇದು ತಿಳಿದಿತ್ತು, ಆದರೆ ಅಭ್ಯಾಸ ಬಿಡಬೇಕಲ್ಲ. ಬೆಳಿಗ್ಗೆ ಚಹಾ, ಅವಲಕ್ಕಿ ಎಂದು ಎಂಟು ಗಂಟೆಗೆ ಹೊರಟೆವು. ಇಳಿಯುವಾಗ ನನ್ನ ಮೊಣಕಾಲು ನೋಯತೊಡಗಿ ಹೆಜ್ಜೆ ನಿಧಾನವಾಯಿತು. ಕಾಡಿನಿಂದ ಹೊರಬಂದಾಗ ಐದು ಗಂಟೆ ದಾಟಿತ್ತು, ಕಡಲು ಉಬ್ಬುತ್ತಿತ್ತು, ಬೆಳಿಗ್ಗೆ ಒಣಗಿದ್ದ ಗುಂಡುಕಲ್ಲುಗಳ ಮೇಲೆ ಈಗ ಅಲೆ ಹರಿಯುತ್ತಿತ್ತು. ಹುಡುಗನ ಮೊಬೈಲಿನ ಒಂದೇ ಬೆಳಕಿನಲ್ಲಿ, ಮಾವ ಹಿಂದಿನಿಂದ ನನ್ನ ಭುಜ ಹಿಡಿದು, ಒಂದೊಂದು ಕಲ್ಲನ್ನೂ ಕಾಲಿನಿಂದ ತಡವಿ ನೋಡಿ ನಡೆದೆವು. ಆ ಹೆದರಿಕೆ ನಿಮಗೆ ಬರಬಾರದು ಎಂದೇ ಇಷ್ಟು ಹೇಳುತ್ತಿದ್ದೇನೆ. ಬೆಳಕು ಹರಿಯುವುದರೊಳಗೆ ಗೇಟಿನ ಬಳಿ ಇರಿ. ಉಬ್ಬರ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ಹನ್ನೊಂದೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗಿ, ತುದಿ ಎಷ್ಟೇ ಹತ್ತಿರವಿರಲಿ. ನೀರು ತಲಾ ಮೂರು ಲೀಟರ್ ಒಯ್ಯಿರಿ. ಹೊರಡುವ ಮೊದಲು ನಾಲ್ಕು ಭಾನುವಾರ ಪೊಸಡಿ ಗುಂಪೆ ಹತ್ತಿ ಇಳಿದರೆ ಮೊಣಕಾಲಿಗೆ ಅಭ್ಯಾಸವಾಗುತ್ತದೆ.

ಡಿಗ್ಲಿಪುರಕ್ಕೆ ಪೋರ್ಟ್ ಬ್ಲೇರಿನಿಂದ, ಅಂದರೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಊರಿನಿಂದ, ರಸ್ತೆಯಲ್ಲಿ ಇಡೀ ಒಂದು ದಿನದ ದಾರಿ. ನಾವು ಹೋಗುವಾಗ ಬಸ್ಸಿನಲ್ಲಿ ಹೋಗಿ, ಬರುವಾಗ ಏರಿಯಲ್ ಬೇಯಿಂದ ಸರಕಾರಿ ಹಡಗಿನಲ್ಲಿ ರಾತ್ರಿ ಪ್ರಯಾಣ ಮಾಡಿ ಬಂದೆವು. ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಜಿರ್ಕಾಟಾಂಗಿನ ಗೇಟಿನಿಂದ ವಾಹನಗಳನ್ನು ಪೊಲೀಸರ ಕಾವಲಿನಲ್ಲಿ ಸಾಲಾಗಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ನಮ್ಮ ಮುಂದಿನ ಸೀಟಿನವರು ಮೊಬೈಲು ಎತ್ತಿ ಹಿಡಿದು ಕಾಯುತ್ತಿದ್ದದ್ದು ನನಗೆ ಬಹಳ ನೋವು ಕೊಟ್ಟಿತು. ಆ ಕಾಡು ಜಾರವಾ ಜನರ ಮನೆ, ನಾವು ಅವರ ಅಂಗಳ ದಾಟುವವರು. ಆ ಎರಡು ಗಂಟೆ ಮೊಬೈಲು ಚೀಲದಲ್ಲಿರಲಿ.

ದಾರಿಯಲ್ಲಿ ಬಾರಾಟಾಂಗಿನ ಜೆಟ್ಟಿಗೆ ನಿಲಂಬೂರು ಎಂದು ಹೆಸರು! ದಕ್ಷಿಣದಲ್ಲಂತೂ ವಂಡೂರು, ಮಂಜೇರಿ, ತಿರೂರು, ಕ್ಯಾಲಿಕಟ್ ಎಂಬ ಊರುಗಳೇ ಇವೆ. 1921ರ ಮಲಬಾರಿನ ದಂಗೆಯ ನಂತರ ಗಡೀಪಾರಾದ ಮಾಪಿಳ್ಳೆಗಳು ತಮ್ಮೂರಿನ ಹೆಸರನ್ನು ಅಲ್ಲಿ ನೆಟ್ಟರು. ಕಾಸರಗೋಡಿನವರಾದ ನಮಗೆ ಅರ್ಧಂಬರ್ಧ ಮಲಯಾಳ ಬರುತ್ತದಲ್ಲ, ಒಬ್ಬ ಅಜ್ಜನ ಅಂಗಡಿಯಲ್ಲಿ ಅದೇ ಮಾತಿನಿಂದ ಎರಡು ಎಳನೀರು ಪುಕ್ಕಟೆಯಾಗಿ ಸಿಕ್ಕಿತು.

ಡಿಗ್ಲಿಪುರದಲ್ಲಿ ಮೂರು ರಾತ್ರಿ ಇರಿ. ಬೆಟ್ಟ ಹತ್ತಿದ ಮರುದಿನ ರಾಸ್ ಮತ್ತು ಸ್ಮಿತ್ ದ್ವೀಪಗಳಿಗೆ ದೋಣಿಯಲ್ಲಿ ಹೋಗಿ. ನಡುವಿನ ಮರಳ ದಿಬ್ಬ ಉಬ್ಬರದಲ್ಲಿ ಮುಳುಗುತ್ತದೆ, ಇಳಿತದಲ್ಲಿ ನಡೆದು ದಾಟಬಹುದು. ರಾತ್ರಿ ಕಾಲಿಪುರದ ತೀರವನ್ನು ತಪ್ಪಿಸಬೇಡಿ. ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುವ ಜಾಗವದು. ನಾವು ಕಂಡದ್ದು ಆಲಿವ್ ರಿಡ್ಲಿ. ಹಿಂಗಾಲುಗಳನ್ನು ಸೌಟಿನಂತೆ ಮಡಚಿ, ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಎಂದು ಸರದಿಯಲ್ಲಿ ಮರಳನ್ನು ಎತ್ತಿ ಬದಿಗೆ ಇಡುತ್ತಿತ್ತು, ಒಂದು ಹಿಡಿಯೂ ಗುಂಡಿಗೆ ಮತ್ತೆ ಬೀಳದ ಹಾಗೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು. ದೇಹದ ಉಪ್ಪನ್ನು ಹೊರಹಾಕುವ ಗ್ರಂಥಿ ಅಲ್ಲಿದೆ ಎಂದು ಕಾವಲಿನವರು ಹೇಳಿದರೂ ನನಗೆ ಮಾತು ಹೊರಡಲಿಲ್ಲ. ಬಿಳಿ ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದಂತೆ, ಆದ್ದರಿಂದ ಟಾರ್ಚಿಗೆ ಕೆಂಪು ಕಾಗದ ಕಟ್ಟಬೇಕು.

ಉಳಿದ ದಿನಗಳನ್ನು ಹ್ಯಾವ್‌ಲಾಕಿಗೆ ಕೊಡಿ, ನೀಲನ್ನು ಬಿಟ್ಟರೂ ನಷ್ಟವಿಲ್ಲ. ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲಿಗೆ ಅರ್ಧ ದಿನ ಬೇಕು. ಅದರ ಕೋಣೆಗಳ ಏಳು ಸಾಲುಗಳಲ್ಲಿ ಈಗ ಮೂರೇ ಉಳಿದಿವೆ. ತೊರೆಯ ಬಾಯಿಯಲ್ಲಿ ಮೊಸಳೆಯ ಫಲಕ ಇರುವಲ್ಲಿ ಕಾಲು ತೊಳೆಯಲೂ ಇಳಿಯಬೇಡಿ.

ಊರಿಗೆ ಬಂದ ವಾರದಲ್ಲೇ ಮಾವ ತಲೆಗೆ ಕಟ್ಟುವ ಟಾರ್ಚು ಎರಡು ತಂದಿಟ್ಟಿದ್ದಾರೆ, ಮತ್ತೊಮ್ಮೆ ಹೋಗುವುದಕ್ಕೆಂದು. ಒಂದಕ್ಕೆ ಕೆಂಪು ಕಾಗದ ಈಗಲೇ ಅಂಟಿಸಿದೆ. ಭಾನುವಾರ ಊಟಕ್ಕೆ ಬನ್ನಿ, ಎರಡನ್ನೂ ಒಯ್ಯಿರಿ.